ಬಿಸಿಲು ಮೇಲಿನಿಂದ, ಸೆಕೆ ಕೆಳಗಿನಿಂದ

(ಬೇಸಿಗೆಗೆ ಮುನ್ನ ಶಿವಗಂಗೆಯಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ನಮ್ಮ ಶಿವಗಂಗೆ ಬೆಟ್ಟ ಪೂರ್ವದಿಂದ ನೋಡಿದರೆ ಬಸವನಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಸರ್ಪದಂತೆ ಕಾಣುತ್ತದೆ ಎಂದು ಹಿರಿಯರು ಹೇಳುತ್ತಾರೆ. ಬೆಟ್ಟ ಒಂದೇ, ದಿಕ್ಕು ಬದಲಾದರೆ ರೂಪ ಬೇರೆ. ಕೊಟ್ಟಿಗೆಯ ಮಾತೂ ಹಾಗೆಯೇ. ಅದೇ ಗೋಡೆ, ಅದೇ ಶೀಟು. ದಿಕ್ಕು ತಪ್ಪಿದರೆ ಕೊಟ್ಟಿಗೆ ಒಲೆಯಾಗುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೆ. ಆದರೆ ಕಲಿತದ್ದು ಒಬ್ಬ ಸದಸ್ಯರಿಗೆ ಆದ ನಷ್ಟದಿಂದ. ಆ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಬಿಸಿಲು ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ.

ಬೆಟ್ಟದ ಮೇಲೆ ತಂಪೇಕೆ?

ಬೆಟ್ಟ ಹತ್ತಿದರೆ ಸೂರ್ಯನಿಗೆ ಹತ್ತಿರವಾದಂತಲ್ಲವೇ, ಮತ್ತೆ ತುದಿಯಲ್ಲಿ ತಣ್ಣಗಿರುವುದೇಕೆ ಎಂದು ಹಲವರು ಕೇಳುತ್ತಾರೆ. ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಅಷ್ಟು ದೂರಕ್ಕೆ ನಮ್ಮ ಬೆಟ್ಟದ ಎತ್ತರ ಲೆಕ್ಕಕ್ಕೇ ಬರುವುದಿಲ್ಲ. ಬಿಸಿಲಿನ ಹೆಚ್ಚಿನ ಭಾಗ ಗಾಳಿಯನ್ನು ಕಾಯಿಸದೆ ದಾಟಿ ಬಂದು ನೆಲಕ್ಕೆ ಬೀಳುತ್ತದೆ. ನೆಲ ಕಾಯುತ್ತದೆ, ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಹಾಲಿನ ಪಾತ್ರೆ ಕೆಳಗಿನಿಂದ ಕಾಯುವಂತೆ ಗಾಳಿಯೂ ಕೆಳಗಿನಿಂದಲೇ ಕಾಯುತ್ತದೆ. ಒಲೆಯಿಂದ ಮೇಲೆ ಹೋದಂತೆ ಬಿಸಿ ಕಡಿಮೆ. ಸಾಮಾನ್ಯವಾಗಿ ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ನಮ್ಮ ಸೀಮೆ ಸಮುದ್ರ ಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿರುವುದರಿಂದಲೇ ಕಲಬುರಗಿ, ರಾಯಚೂರಿನಷ್ಟು ಧಗೆ ನಮಗಿಲ್ಲ.

ಈ ಒಂದು ಮಾತನ್ನು ನೆನಪಿಡಿ: ಬಿಸಿಲು ಮೇಲಿನಿಂದ ಬರುತ್ತದೆ, ಸೆಕೆ ಕೆಳಗಿನಿಂದ ಮತ್ತು ಸುತ್ತಲಿನಿಂದ ಬರುತ್ತದೆ.

ನೇರ ಬಿಸಿಲು, ಓರೆ ಬಿಸಿಲು

ರಾತ್ರಿ ಟಾರ್ಚನ್ನು ಗೋಡೆಗೆ ನೇರವಾಗಿ ಹಿಡಿಯಿರಿ: ಬೆಳಕು ಚಿಕ್ಕ ವೃತ್ತವಾಗಿ ಪ್ರಖರವಾಗಿರುತ್ತದೆ. ಓರೆಯಾಗಿ ಹಿಡಿಯಿರಿ: ಅದೇ ಬೆಳಕು ಅಗಲಕ್ಕೆ ಹರಡಿ ಮಂಕಾಗುತ್ತದೆ. ಬಿಸಿಲಿನ ಗುಟ್ಟು ಇಷ್ಟೇ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಅಂದರೆ ನಾವು ಕಂಬಳಿ ಹೊದೆಯುವ ಕಾಲದಲ್ಲಿ! ಜುಲೈಗಿಂತ ಆಗ ಸುಮಾರು 50 ಲಕ್ಷ ಕಿಲೋಮೀಟರ್ ಹತ್ತಿರ. ಆದರೂ ಚಳಿ, ಏಕೆಂದರೆ ಆಗ ಸೂರ್ಯ ನಮಗೆ ದಕ್ಷಿಣಕ್ಕೆ ವಾಲಿರುತ್ತಾನೆ, ಬಿಸಿಲು ಓರೆಯಾಗಿ ಬೀಳುತ್ತದೆ, ಹಗಲೂ ಚಿಕ್ಕದು.

ಸಂಕ್ರಾಂತಿಯ ನಂತರ ಬಿಸಿಲು ದಿನದಿನಕ್ಕೆ ನೇರವಾಗುತ್ತಾ ಏಪ್ರಿಲ್ 24-25ರ ಹೊತ್ತಿಗೆ ಸೂರ್ಯ ಮಧ್ಯಾಹ್ನ ನಮ್ಮ ನೆತ್ತಿಯ ಮೇಲೆ ನಿಲ್ಲುತ್ತಾನೆ. ಮತ್ತೊಮ್ಮೆ ಹೀಗೆ ನಿಲ್ಲುವುದು ಆಗಸ್ಟ್ 18ರ ಸುಮಾರಿಗೆ. ಬೆಂಗಳೂರಿನ ದಾಖಲೆಗಳೂ ಇದನ್ನೇ ಹೇಳುತ್ತವೆ. ಅಲ್ಲಿ ಅತಿ ಕಡಿಮೆ ಉಷ್ಣತೆ, 7.8 ಡಿಗ್ರಿ, ದಾಖಲಾದದ್ದು 1884ರ ಜನವರಿ 13ರಂದು; 39.2 ಡಿಗ್ರಿಯ ದಾಖಲೆ ಬಿಸಿಲು ಬಂದದ್ದು 2016ರ ಏಪ್ರಿಲ್ ಕೊನೆಯ ವಾರದಲ್ಲಿ.

ಹಾಗಾದರೆ ಹಗಲು ಉದ್ದವಾಗಿರುವ ಜೂನ್, ಸೂರ್ಯ ಮತ್ತೆ ನೆತ್ತಿಗೆ ಬರುವ ಆಗಸ್ಟ್ ತಂಪೇಕೆ? ಮೋಡ ಬಿಸಿಲನ್ನು ತಡೆಯುತ್ತದೆ. ಒದ್ದೆ ನೆಲಕ್ಕೆ ಬಿದ್ದ ಶಾಖದ ಬಹುಪಾಲು ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೂ ಹೀಗೆಯೇ. ಏಪ್ರಿಲ್‌ನಲ್ಲಾದರೋ ರಾಗಿ ಹೊಲ ಬೋಳು, ಮಣ್ಣು ಒಣಗಿದೆ. ಬಂದ ಬಿಸಿಲೆಲ್ಲ ನೆಲಕ್ಕೇ ಜಮೆ.

ಮಧ್ಯಾಹ್ನ ಮೂರು ಗಂಟೆಯ ಲೆಕ್ಕ

ನಮ್ಮಲ್ಲಿ ಸೂರ್ಯ ಅತಿ ಎತ್ತರದಲ್ಲಿರುವುದು ಹನ್ನೆರಡೂ ಕಾಲು ದಾಟಿದ ಮೇಲೆ. ಆದರೆ ಧಗೆ ಹೆಚ್ಚುವುದು ಎರಡರಿಂದ ಮೂರೂವರೆಯೊಳಗೆ. ಇದು ಪಾಸ್‌ಬುಕ್ಕಿನ ಲೆಕ್ಕದಂತೆ. ಮಧ್ಯಾಹ್ನದ ನಂತರ ಜಮೆ ಕಡಿಮೆಯಾಗುತ್ತಾ ಬಂದರೂ ಖರ್ಚಿಗಿಂತ ಹೆಚ್ಚಿರುವ ತನಕ ಬಾಕಿ ಏರುತ್ತಲೇ ಇರುತ್ತದೆ. ರಾತ್ರಿಯೆಲ್ಲ ಬರೀ ಖರ್ಚು. ಆದ್ದರಿಂದ ಸೂರ್ಯೋದಯದ ಹೊತ್ತಿಗೆ ಅತಿ ತಂಪು. ಬಂಡೆ ಮತ್ತು ಕಾಂಕ್ರೀಟು ಹಗಲು ಕೂಡಿಟ್ಟ ಶಾಖವನ್ನು ಕತ್ತಲಾದ ಮೇಲೂ ಬಿಡುತ್ತಿರುತ್ತವೆ.

ಈಗ ನಾನು ಹೇಳಿದ ಸದಸ್ಯರ ವಿಷಯ. ನಾನು ಕೆಲಸಕ್ಕೆ ಸೇರಿದ ಹೊಸತು. ಬೆಟ್ಟದ ಆಚೆ ಬದಿಯ ಊರಿನ ಒಬ್ಬರು ಹೊಸ ಕೊಟ್ಟಿಗೆಗೆ ಜಾಗ ತೋರಿಸಿ, "ಹಿಂಗೆ ಕಟ್ಟಿಸಬಹುದಾ ಸಾರ್?" ಎಂದು ಕೇಳಿದರು. ಉತ್ತರ-ದಕ್ಷಿಣ ಉದ್ದ, ಪಶ್ಚಿಮಕ್ಕೆ ತೆರೆದ ಬದಿ, ಎದುರಿಗೆ ಬೋಳು ಬಂಡೆ, ಆರಡಿ ಎತ್ತರಕ್ಕೆ ಶೀಟು. ಅವಸರದಲ್ಲಿದ್ದ ನಾನು, "ಆಗಬಹುದು, ಕಟ್ಟಿಸಿ" ಎಂದೆ. ಮುಂದಿನ ಏಪ್ರಿಲ್‌ನಲ್ಲಿ ಒಂದು ದಿನ ಮೂರು ಗಂಟೆಗೆ ಕರೆ ಬಂತು. ಏಳು ತಿಂಗಳ ಗಬ್ಬದ ಎಚ್.ಎಫ್. ಹಸು ಬಾಯಿ ತೆರೆದು ಏದುತ್ತಿತ್ತು, ಜೊಲ್ಲು ಸುರಿಯುತ್ತಿತ್ತು, ಜ್ವರ 107 ಡಿಗ್ರಿ ಫ್ಯಾರನ್‌ಹೀಟ್. ಓರೆ ಬಿಸಿಲು ನೇರ ಅದರ ಹೊಟ್ಟೆಗೆ ಬೀಳುತ್ತಿತ್ತು. ಎದುರಿನ ಬಂಡೆ, ತಲೆಯ ಮೇಲಿನ ಶೀಟು ಎರಡೂ ಕಾವು ಕಾರುತ್ತಿದ್ದವು. ರಾತ್ರಿಯವರೆಗೆ ನೀರು ಸುರಿದೆವು, ಸಲೈನ್ ಕೊಟ್ಟೆವು. ಹಸು ಉಳಿಯಿತು. ಎರಡು ದಿನದ ಮೇಲೆ ಕಂದು ಹಾಕಿತು. ಆ ಸದಸ್ಯರು ನನ್ನನ್ನು ಬೈಯಲಿಲ್ಲ. "ನೀವು ಹೇಳಿದಂಗೇ ಕಟ್ಟಿಸಿದ್ವಲ್ಲ ಸಾರ್" ಎಂದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ನೀವು ಮಾಡಬೇಕಾದ್ದು

ಎಚ್.ಎಫ್. ರಾಸಿಗೆ ಹಿತವಾದದ್ದು 5ರಿಂದ 25 ಡಿಗ್ರಿ ಸೆಲ್ಸಿಯಸ್. ನಮಗೆ ಹಾಯೆನಿಸುವ ಹವೆಯೇ ಅದಕ್ಕೆ ಸೆಕೆ. ಮಿಶ್ರತಳಿ ಸ್ವಲ್ಪ ಹೆಚ್ಚು ತಾಳಿಕೊಂಡರೂ ಸೆಕೆ ಹೆಚ್ಚಿದರೆ ಮೇವು ಬಿಡುತ್ತದೆ, ಹಾಲು ಮತ್ತು ಫ್ಯಾಟು ಇಳಿಯುತ್ತವೆ, ಬೆದೆ ಕಾಣದಂತೆ ಹೋಗುತ್ತದೆ. ದೃಷ್ಟಿ ತಾಕಿತೆಂದು ನಿವಾಳಿಸುವ ಮೊದಲು ಕೊಟ್ಟಿಗೆಯನ್ನು ಪರೀಕ್ಷಿಸಿ.

ಹೊಸ ಕೊಟ್ಟಿಗೆಯ ಉದ್ದ ಪೂರ್ವ-ಪಶ್ಚಿಮಕ್ಕಿರಲಿ. ಆಗ ಬೆಳಗಿನ, ಸಂಜೆಯ ಓರೆ ಬಿಸಿಲಿಗೆ ಸಿಗುವುದು ಕಿರಿದಾದ ಎರಡು ತುದಿಗಳು ಮಾತ್ರ. ಸೂರು ಎಂಟು ಅಡಿಗಿಂತ ತಗ್ಗಬಾರದು. ಶೀಟಿನ ಮೇಲ್ಮೈಗೆ ಸುಣ್ಣ ಬಳಿಯಿರಿ, ಇಲ್ಲವೇ ತೆಂಗಿನ ಗರಿ ಹಾಸಿ.

ಈಗಾಗಲೇ ಉತ್ತರ-ದಕ್ಷಿಣಕ್ಕೆ ಕಟ್ಟಿದ್ದರೆ ಒಡೆಯಬೇಕಾಗಿಲ್ಲ. ಪಶ್ಚಿಮದ ಬದಿಗೆ ಗೋಣಿತಾಟು ಇಳಿಬಿಡಿ, ಹೊಂಗೆ ಸಸಿ ನೆಡಿ. ಮರದ ಎಲೆ ನೀರನ್ನು ಆವಿ ಮಾಡಿ ತಾನು ತಂಪಾಗಿರುತ್ತದೆ. ಶೀಟಿನಂತೆ ಕಾದು ಕಾವು ಕಾರುವುದಿಲ್ಲ.

ಹಿಂಡಿ-ಬೂಸಾ, ರಾಗಿ ಹುಲ್ಲನ್ನು ನಸುಕಿನಲ್ಲಿ ಮತ್ತು ಹೊತ್ತು ಮುಳುಗಿದ ಮೇಲೆ ಕೊಡಿ. ಮೇವು ಜೀರ್ಣವಾಗುವಾಗ ಹೊಟ್ಟೆಯಲ್ಲೂ ಶಾಖ ಹುಟ್ಟುತ್ತದೆ. ಅದು ಮಧ್ಯಾಹ್ನದ ಧಗೆಗೆ ಸೇರಬಾರದು. ನೆರಳಿನಲ್ಲಿಟ್ಟ ತಣ್ಣನೆಯ ನೀರು ಸದಾ ಬಾಯಿಗೆ ಸಿಗಲಿ. ಮೈಮೇಲೆ ನೀರು ಚಿಮುಕಿಸುವಾಗ ಗಾಳಿ ಆಡುತ್ತಿರಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ನೀರು ಹಾಕಿದರೆ ಸೆಕೆ ಇನ್ನೂ ಹೆಚ್ಚುತ್ತದೆ. ಎಮ್ಮೆಗೆ ಬೆವರು ಕಡಿಮೆ, ಮೈ ಕಪ್ಪು. ಅದಕ್ಕೆ ಎರಡು ಹೊತ್ತು ಮೈ ತೊಳೆಯಿರಿ.

ಮೂರು ಗಂಟೆಗೆ ಹಸುವಿನ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. 60 ದಾಟಿದರೆ ಸೆಕೆ ತಾಗಿದೆ. 80 ದಾಟಿದರೆ, ಬಾಯಿ ತೆರೆದು ಏದಿದರೆ, ತಕ್ಷಣ ನೆರಳಿಗೆ ತಂದು ತಲೆ-ಮೈಗೆ ನೀರು ಸುರಿಯುತ್ತಾ ವೈದ್ಯರಿಗೆ ತಿಳಿಸಿ.

ಕೊನೆಯದಾಗಿ ಒಂದು ಕೋರಿಕೆ. ಏಪ್ರಿಲ್ 24ರಂದು ಅಂಗಳದಲ್ಲಿ ಒಂದು ಕೋಲನ್ನು ನೇರವಾಗಿ ನೆಡಿ. ಮಕ್ಕಳನ್ನು ಕರೆದು ಹನ್ನೆರಡೂ ಕಾಲರ ಹೊತ್ತಿಗೆ ಅದರ ನೆರಳು ಮಾಯವಾಗುವುದನ್ನು ತೋರಿಸಿ. ಅದೇ ದಿನ ಮೂರು ಗಂಟೆಗೆ ನಿಮ್ಮ ಹಸು ಕಟ್ಟುವ ಗೂಟದ ಬಳಿ ಹತ್ತು ನಿಮಿಷ ನಿಂತು ನೋಡಿ. ನಿಮಗೆ ನಿಲ್ಲಲಾಗದ ಜಾಗದಲ್ಲಿ ಅದನ್ನು ಕಟ್ಟಬೇಡಿ. ಕೊಟ್ಟಿಗೆ ಕಟ್ಟಿಸುವ ಮುನ್ನ ನನ್ನನ್ನು ಕರೆಯಿರಿ. ಈಗ ನಾನು ಅವಸರ ಮಾಡುವುದಿಲ್ಲ.