ಐದನೇ ಕ್ಲಾಸಿನ ಲೆಕ್ಕ



ನಮ್ಮ ತಾತಂದಿರು ಈ ಧಾರಾಪುರಂ ಸುತ್ತ ತೋಟಗಳಲ್ಲಿ ಪಣ್ಣೆಯಾಳಾಗಿ ದುಡಿದವರು. ಮದುವೆಗೋ ಕಾಯಿಲೆಗೋ ಸಾಲ ತಗೊಂಡರೆ ಅದು ತೀರೋವರೆಗೂ ದುಡೀಬೇಕು. ತೀರಿತೋ ಇಲ್ಲವೋ ನೋಡೋಣ ಅಂದ್ರೆ ಲೆಕ್ಕದ ಪುಸ್ತಕ ಯಜಮಾನರ ಮನೇಲಿ. ಇವರ ಹತ್ರ ಇದ್ದದ್ದು ಹೆಬ್ಬೆಟ್ಟು. 1976ರಲ್ಲಿ ಜೀತ ನಿಷೇಧ ಕಾನೂನು ಬಂದು ಆ ಸಾಲಗಳೆಲ್ಲ ರದ್ದಾದವು. ಹಾಗಂತ ಓದಿ ಹೇಳೋರು ನಮ್ಮ ಬೀದಿಗಳಲ್ಲಿ ಎಷ್ಟು ಜನ ಇದ್ದಿರಬಹುದು?

ಈಗ ತಿರುಪ್ಪೂರಿನ ಬನಿಯನ್ ಕಂಪನಿ. ಶನಿವಾರ ಸಂಬಳ. ಎಷ್ಟು ಡಜನ್ ಹೊಲಿದೆ, ಡಜನ್‌ಗೆ ಎಷ್ಟು, ಪಿಎಫ್ ಎಷ್ಟು ಹಿಡಿದರು? ಇದೆಲ್ಲ ಐದನೇ ಕ್ಲಾಸಿನ ಲೆಕ್ಕ. ಬಡತನ ಕಡಿಮೆಯಾಗೋದು ಮೊದಲು ಇಲ್ಲಿ, ದುಡಿದದ್ದು ಪೂರಾ ಕೈಗೆ ಬಂದಾಗ. ಕಲೆಕ್ಟರ್ ಆಗೋದು ಆಮೇಲಿನ ಮಾತು.

2009ರಲ್ಲಿ ತಮಿಳುನಾಡು ಸರ್ಕಾರ ಅರುಂಧತಿಯರಿಗೆ 18ರೊಳಗೆ ಶೇಕಡಾ 3 ಒಳಮೀಸಲಾತಿ ಕೊಟ್ಟಿತು. ಆದ್ರೆ ಎಂಟು ವರ್ಷಕ್ಕೇ ಶಾಲೆ ಬಿಟ್ಟು ತಮ್ಮನನ್ನು ನೋಡ್ಕೊಳ್ಳೋ ಹುಡುಗಿಗೆ ಆ ಮೂರರಿಂದ ಏನು ಸಿಗುತ್ತೆ? ಫೀಸು ಇಲ್ಲ ನಿಜ. ಆದ್ರೆ ಅವಳು ಶಾಲೆಗೆ ಹೋದರೆ ಅಮ್ಮನ ಕೂಲಿ ಹೋಗುತ್ತೆ. ಬಾಲವಾಡಿ ಸರಿಯಾಗಿ ನಡೆದರೇ ಅಕ್ಕ ಶಾಲೆಗೆ ಹೋಗೋದು. ಇದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಶಾಲೆ ಊಟದ ಮಾತು ಬಂದ್ರೆ ಕೆಲವರು ನಗ್ತಾರೆ. ನಗಲಿ. 1982ರಿಂದ ಸತ್ತುಣವು, 2022ರಿಂದ ಬೆಳಗಿನ ತಿಂಡಿ. ಕೂಲಿ ಸಿಗದ ದಿನ ಅದೇ ಗತಿ. ಆ ಊಟದಲ್ಲೂ ಜಾತಿ ನುಗ್ಗುತ್ತೆ. 2018ರಲ್ಲಿ ನಮ್ಮದೇ ಜಿಲ್ಲೆಯ ಅವಿನಾಶಿ ಹತ್ರ ತಿರುಮಲೈಗೌಂಡನ್‌ಪಾಳಯದ ಸರ್ಕಾರಿ ಶಾಲೆಯಲ್ಲಿ ನಮ್ಮ ಜನದ ಹೆಂಗಸು ಅಡುಗೆ ಮಾಡಬಾರದು ಅಂತ ಗಲಾಟೆ ಆಯ್ತು. ಆ ಅಕ್ಕ ಬಿಡಲಿಲ್ಲ. ಪೊಲೀಸಿಗೆ ದೂರು ಕೊಟ್ಟರು. ವರ್ಗಾವಣೆ ಆದೇಶ ರದ್ದಾಯ್ತು. ಗೇಟು ತೆರೆದಿದ್ದರೆ ಸಾಲದು ಅನ್ನೋದಕ್ಕೆ ಇದನ್ನ ಹೇಳಿದೆ.

ಇನ್ನೊಂದು ಚಿಕ್ಕ ವಿಷಯ. ಮನೇಲಿ ನಾವು ‘ಕೂತ್ಕೋ’ ಅಂತೀವಿ, ಟೀಚರ್ ‘ಉಟ್ಕಾರು’ ಅಂತಾರೆ. ಒಂದನೇ ಕ್ಲಾಸಿನ ಮಗು ನಿಂತೇ ಇರುತ್ತೆ. ದಡ್ಡ ಅಂತ ಹೆಸರು ಬೀಳೋಕೆ ಅಷ್ಟು ಸಾಕು.

ಅದಕ್ಕೇ ಸೋಮವಾರದಿಂದ ಸಂಜೆ ಆರಕ್ಕೆ ಸಂಘದ ಕೋಣೆ ತೆಗೆದಿರುತ್ತೆ. ಕಾಲೇಜಿಗೆ ಹೋಗೋ ನಾವು ನಾಲ್ಕು ಜನ ಇರ್ತೀವಿ. ಕನ್ನಡದಲ್ಲಿ ಹೇಳಿ ತಮಿಳು ಓದಿಸ್ತೀವಿ. ಸ್ಲೇಟು ನಾವು ಕೊಡ್ತೀವಿ, ಅಕ್ಕಂದಿರೇ, ಮಕ್ಕಳನ್ನ ಕಳಿಸಿ. ಶಾಲೆ ಬಿಟ್ಟವರನ್ನ ಮೊದಲು ಕಳಿಸಿ.