ಎಡೆದೊರೆ ನಾಡಿನ ಹೆಸರಿಲ್ಲದ ಜನ

ಮಧ್ಯಯುಗವೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಅರಸರ ಓಲಗ, ಆನೆ ಕುದುರೆಗಳ ಸಾಲು, ಕೋಟೆ ಕೊತ್ತಲ, ದಂಡಯಾತ್ರೆ. ಆ ಅರಸನ ಅನ್ನಕ್ಕೆ ಜೋಳ ಬೆಳೆದ ಒಕ್ಕಲು, ಅವನ ಕುದುರೆಗೆ ಲಾಳ ಕಟ್ಟಿದ ಕಮ್ಮಾರ, ಅವನ ಕೋಟೆಗೆ ಕಲ್ಲು ಹೊತ್ತ ಕೂಲಿ, ಇವರೆಲ್ಲ ಎಲ್ಲಿದ್ದರು, ಹೇಗೆ ಬಾಳಿದರು? ಚರಿತ್ರೆಯ ಪುಟಗಳಲ್ಲಿ ಇವರ ದನಿ ಕೇಳುವುದು ಅಪರೂಪ. ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ನಾಡಿನಲ್ಲಿ ಆ ದನಿ ಎಲ್ಲೆಲ್ಲಿ ಉಳಿದಿದೆಯೆಂಬುದನ್ನು ಈ ಹೊತ್ತು ವಿಚಾರಿಸೋಣ.

ಗಿಲ್ಲೆಸುಗೂರಿನಿಂದ ಮುದಗಲ್ಲಿನವರೆಗೆ ಹರಡಿದ ಈ ಸೀಮೆಯನ್ನು ಶಾಸನಗಳು ‘ಎಡೆದೊರೆ ಎರಡು ಸಾವಿರ’ ಎಂದು ಕರೆಯುತ್ತವೆ. ಎರಡು ತೊರೆಗಳ ಎಡೆಯಲ್ಲಿರುವುದರಿಂದ ಎಡೆದೊರೆ. ಚಾಲುಕ್ಯರು, ಚೋಳರು, ಕಾಕತೀಯರು, ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು, ಎಲ್ಲರ ಕಣ್ಣೂ ಈ ನೆಲದ ಮೇಲೆಯೇ. ಅರಸರ ಆಸೆಗೆ ಗುರಿಯಾದ ನೆಲದಲ್ಲಿ ಪ್ರಜೆಗಳು ಪಡುವ ಪಾಡನ್ನು ಬೇರೆ ಹೇಳಬೇಕಾಗಿಲ್ಲ.

ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ ನಲವತ್ತು ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಆಳ್ವಿಕೆಯಲ್ಲಿ, 1294ರಲ್ಲಿ, ಈ ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಅದರ ಮೇಲಿನ ಶಾಸನ ಹೇಳುತ್ತದೆ. ನೋಡಬಂದವರು ಕಲ್ಲಿನ ಗಾತ್ರಕ್ಕೆ ಬೆರಗಾಗಿ ಹೊರಟುಬಿಡುತ್ತಾರೆ. ಆದರೆ ಅಲ್ಲಿಯೇ ಗೋಡೆಯ ಮೇಲೆ ಒಂದು ಚಿತ್ರವನ್ನು ಕೊರೆದಿದ್ದಾರೆ. ಅಚ್ಚುಗಟ್ಟಾದ ಗಟ್ಟಿ ಗಾಲಿಗಳ ಬಂಡಿ. ಅದರ ಮೇಲೆ ಈ ಹೆಬ್ಬಂಡೆ. ಮುಂದೆ ಕೋಣಗಳ ಉದ್ದನೆಯ ಸಾಲು. ನಡುನಡುವೆ ಕೋಣಗಳನ್ನು ಹುರಿದುಂಬಿಸುತ್ತ ನಿಂತ ಆಳುಗಳು. ಗಾಲಿಗಳ ಬಳಿ ಸನ್ನೆಗೋಲು ಹಾಕಿ ನೂಕುವವರು. ಕಲ್ಲು ಗುಡ್ಡದಿಂದ ಗೋಡೆಗೆ ಬಂದ ಬಗೆಯನ್ನು ಒಬ್ಬ ಶಿಲ್ಪಿ ಬರೆದಿಟ್ಟ ವರದಿ ಇದು.

ಶಾಸನದಲ್ಲಿರುವುದು ಕಟ್ಟಿಸಿದವರ ಹೆಸರು, ಚಿತ್ರದಲ್ಲಿರುವುದು ಕಟ್ಟಿದವರ ಮೈ. ಮಧ್ಯಯುಗದ ಸಮಾಜವ್ಯವಸ್ಥೆಯನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ.

ಇದು ನಮ್ಮಲ್ಲಿ ಮಾತ್ರ ಇದ್ದ ಸ್ಥಿತಿಯಲ್ಲ. ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ ಫ್ರಾನ್ಸಿನ ಲಾನ್ ಪಟ್ಟಣದ ಬಿಷಪ್ ಅಡಾಲ್ಬೆರೋ ಎಂಬಾತ ಸಮಾಜವನ್ನು ಮೂರು ವರ್ಗಗಳಾಗಿ ವಿಂಗಡಿಸಿದ: ಪ್ರಾರ್ಥಿಸುವವರು, ಕಾದುವವರು, ದುಡಿಯುವವರು. ಮೂರನೆಯವರ ದುಡಿಮೆಯಿಲ್ಲದೆ ಮೊದಲ ಇಬ್ಬರೂ ಬದುಕಲಾರರೆಂಬುದನ್ನು ಆತನೂ ಒಪ್ಪಿಕೊಂಡಿದ್ದಾನೆ. ಇಂಗ್ಲೆಂಡಿನಲ್ಲಿ 1086ರಲ್ಲಿ ವಿಲಿಯಂ ದೊರೆ ಮಾಡಿಸಿದ ‘ಡೂಮ್ಸ್‌ಡೇ’ ಲೆಕ್ಕದ ಪುಸ್ತಕದಲ್ಲಿ ನೇಗಿಲು, ಗಿರಣಿ, ಹುಲ್ಲುಗಾವಲುಗಳ ಜೊತೆಗೇ ರೈತರನ್ನೂ ಎಣಿಸಿದ್ದಾರೆ. ಒಡೆಯನಿಗೆ ಹೆಸರಿದೆ, ರೈತ ಬರಿಯ ಸಂಖ್ಯೆ.

ಅಲ್ಲಿಯ ಜೀತದ ರೈತ ಒಡೆಯನ ಭೂಮಿಗೆ ಕಟ್ಟುಬಿದ್ದವನು. ವಾರದಲ್ಲಿ ಕೆಲವು ದಿನ ಒಡೆಯನ ಹೊಲದಲ್ಲಿ ದುಡಿದು, ಉಳಿದ ದಿನ ತನ್ನ ತುಂಡು ನೆಲವನ್ನು ಉತ್ತುಕೊಳ್ಳಬೇಕು. ನಮ್ಮಲ್ಲಿ ಕಟ್ಟು ಬೇರೆ ಬಗೆಯದು. ಇಲ್ಲಿ ಮನುಷ್ಯನನ್ನು ಬಿಗಿದದ್ದು ಹುಟ್ಟು ಮತ್ತು ಕಸುಬು. ಗೌಡ, ಕುಲಕರ್ಣಿ, ತಳವಾರ, ಬಡಗಿ, ಕಮ್ಮಾರ, ಕುಂಬಾರ, ಅಗಸ, ನಾವಿದ, ಜೋಯಿಸ ಮೊದಲಾದ ಆಯಗಾರರು ವರ್ಷವಿಡೀ ಊರಿನ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಶಿಯಿಂದ ತಮ್ಮ ಆಯವನ್ನು ಪಡೆಯುತ್ತಿದ್ದರು. ಕುಳ ಮುರಿದರೆ ಕಮ್ಮಾರನಿದ್ದಾನೆ, ಕಮ್ಮಾರನಿಗೆ ಹಸಿವಾದರೆ ರಾಶಿಯಿದೆ. ಈ ಪರಸ್ಪರಾವಲಂಬನೆಯನ್ನು ಹೊಗಳಿ ಬರೆದವರು ಬಹಳ. ಹೊಗಳಿಕೆಯಲ್ಲಿ ಹುರುಳಿಲ್ಲದೆ ಇಲ್ಲ. ಬರ ಬಂದಾಗಲೂ ದಂಡು ಬಂದಾಗಲೂ ಊರು ಮತ್ತೆ ಚಿಗುರಿಕೊಂಡದ್ದು ಇದರಿಂದಲೇ. ಆದರೆ ರಾಶಿಯ ಬಳಿ ಯಾರು ಮೊದಲು, ಯಾರು ಕೊನೆಗೆ, ಯಾರಿಗೆ ಮೇಲಿನ ಕಾಳು, ಯಾರಿಗೆ ಅಡಿಯ ಮಣ್ಣುಗಾಳು ಎಂಬ ಪ್ರಶ್ನೆಗೂ ಅದೇ ವ್ಯವಸ್ಥೆ ಉತ್ತರ ಕೊಟ್ಟಿತ್ತು.

ಭಾಷೆಯೂ ಒಂದು ಶಾಸನವೇ. ಇಂದು ದುಡ್ಡಿಲ್ಲದೆ ಸಿಕ್ಕಿದ್ದನ್ನು ನಾವು ‘ಬಿಟ್ಟಿ’ ಎನ್ನುತ್ತೇವೆ. ಈ ಮಾತು ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು, ಕೂಲಿಯಿಲ್ಲದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆ ಎಂದು ಅದರ ಅರ್ಥ. ಪಡೆದವನಿಗೆ ಬಿಟ್ಟಿಯಾದದ್ದು ಕೊಟ್ಟವನಿಗೆ ಬೆವರು. ಅರ್ಥ ಹೀಗೆ ಜಾರಿದಾಗ ಬೆವರು ಮರೆತುಹೋಗಿ ಲಾಭ ಮಾತ್ರ ಮಾತಿನಲ್ಲಿ ಉಳಿಯಿತು.

ಇನ್ನು 1520ರ ಮೇ ತಿಂಗಳಿಗೆ ಬರೋಣ. ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ ಕಾಲ. ಕೆಲವು ವರ್ಷಗಳ ತರುವಾಯ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೋ ನೂನಿಜ್ ಈ ಯುದ್ಧವನ್ನು ವಿವರವಾಗಿ ಬರೆದಿದ್ದಾನೆ. ಬೇಸಗೆಯ ದಾರಿಯಲ್ಲಿ ದಂಡಿನವರು ನೀರಿಲ್ಲದೆ ಸಾಯಬಾರದೆಂದು ತೊಗಲ ಚೀಲಗಳಲ್ಲಿ ನೀರು ಹೊತ್ತ ಹನ್ನೆರಡು ಸಾವಿರ ಮಂದಿ ಅಲ್ಲಲ್ಲಿ ನಿಂತಿದ್ದರಂತೆ. ಅಗಸರಿಗಂತೂ ಲೆಕ್ಕವೇ ಇರಲಿಲ್ಲವಂತೆ. ಪರದೇಶದವನ ಅಂಕಿಯನ್ನು ಕೊಂಚ ಸಂದೇಹದಿಂದ ನೋಡಿದರೂ ಚಿತ್ರ ಸ್ಪಷ್ಟವಾಗಿದೆ. ಖಡ್ಗ ಹಿಡಿದವನ ಹಿಂದೆ ನೀರಿನವನಿದ್ದ. ಒಂದು ಮಾತನ್ನು ಇಲ್ಲಿ ಮರೆಯಲಾಗದು: ತೊಗಲನ್ನು ಹದಮಾಡುವವರ ಕೇರಿ ಊರ ಹೊರಗೆ, ಊರ ಬಾವಿ ಅವರಿಗೆ ನಿಷಿದ್ಧ. ಅವರ ಕೈಯ ಚೀಲದ ನೀರು ಮಾತ್ರ ದಂಡಿಗೆ ಬೇಕು. ಪ್ರಾಣಕ್ಕೆ ಬಂದಾಗ ಸಡಿಲಗೊಂಡು, ಪ್ರಾಣ ಉಳಿದ ಮೇಲೆ ಮತ್ತೆ ಬಿಗಿಯುವ ಮಡಿಯನ್ನು ಧರ್ಮವೆನ್ನುವುದೆಂತು?

ನೂನಿಜ್ ಹೇಳುವ ಮತ್ತೊಂದು ಸಂಗತಿ ಇನ್ನೂ ಮನಕಲಕುವಂಥದು. ಕೋಟೆಯ ಮೇಲಿನಿಂದ ಬಾಣ, ಕಲ್ಲು, ಗುಂಡುಗಳು ಸುರಿಯುತ್ತಿರುವಾಗ ಗೋಡೆಯ ಬುಡಕ್ಕೆ ಹೋಗಿ ಹಾರೆ ಗುದ್ದಲಿಗಳಿಂದ ಕಲ್ಲು ಕೀಳುವವರಾರು? ದಳವಾಯಿಗಳು ಒಂದು ಉಪಾಯ ಹೂಡಿದರು. ಕಿತ್ತು ತಂದ ಕಲ್ಲನ್ನು ಗಾತ್ರಕ್ಕೆ ತಕ್ಕಂತೆ ಹತ್ತು, ಇಪ್ಪತ್ತು, ಐವತ್ತು ಪಣಗಳವರೆಗೆ ಬೆಲೆ ಕೊಟ್ಟು ಕೊಂಡರು. ಹಣದ ಆಸೆಗೆ ಆಳುಗಳು ಸಾವಿನ ಬಾಯಿಗೆ ನುಗ್ಗಿದರು. 1294ರಲ್ಲಿ ಹೆಸರಿಲ್ಲದವರು ಎಳೆದು ತಂದು ನಿಲ್ಲಿಸಿದ ಗೋಡೆಯನ್ನು 1520ರಲ್ಲಿ ಹೆಸರಿಲ್ಲದವರೇ ಕಿತ್ತರು. ಕಟ್ಟಿದ ಕೀರ್ತಿ ಒಬ್ಬರಿಗೆ, ಗೆದ್ದ ಕೀರ್ತಿ ಇನ್ನೊಬ್ಬರಿಗೆ. ಕೋಟೆ ವಶವಾದ ಮೇಲೆ ಊರಿನವರ ಆಸ್ತಿಪಾಸ್ತಿಗೆ ರಾಯ ಅಭಯವಿತ್ತನೆಂಬುದನ್ನೂ ಅದೇ ನೂನಿಜ್ ದಾಖಲಿಸಿದ್ದಾನೆ. ಅದನ್ನು ಹೇಳದಿದ್ದರೆ ನ್ಯಾಯವಾಗದು.

ಹಾಗಾದರೆ ಸಾಮಾನ್ಯರು ತುಟಿ ಬಿಚ್ಚಲೇ ಇಲ್ಲವೆ? ಫೆರಿಶ್ತಾ ಎಂಬ ಚರಿತ್ರಕಾರ ಬಿಜಾಪುರದಲ್ಲಿದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ ಬರೆದ ಗ್ರಂಥದಲ್ಲಿ ಮುದಗಲ್ಲಿನ ಒಬ್ಬ ಬಡ ಅಕ್ಕಸಾಲಿಗನ ಮಗಳ ಕಥೆ ಬರುತ್ತದೆ. ಅವಳ ಚೆಲುವನ್ನು ಕೇಳಿ ಒಂದನೆಯ ದೇವರಾಯ ಒಡವೆಗಳನ್ನು ಕಳುಹಿಸಿದ. ರಾಣಿವಾಸ ಹೊಕ್ಕವಳು ಮತ್ತೆ ತಂದೆತಾಯಿಯರ ಮುಖ ಕಾಣಲಾರಳೆಂದು ಆಕೆ ಒಲ್ಲೆನೆಂದಳು. 1406ರಲ್ಲಿ ರಾಯನ ಕುದುರೆಪಡೆ ಹೊಳೆ ದಾಟಿ ಬಂದಾಗ ಆ ಮನೆಯವರೂ ನೆರೆಹೊರೆಯವರೂ ಊರು ಬಿಟ್ಟು ಓಡಿಹೋಗಿದ್ದರು. ಬರಿಗೈಯಲ್ಲಿ ಹಿಂದಿರುಗಿದ ಪಡೆ ದಾರಿಯ ಹಳ್ಳಿಗಳನ್ನು ಸೂರೆ ಮಾಡಿತು. ಇದೇ ನೆಪವಾಗಿ ಫಿರೋಜ್ ಷಾ ಬಹಮನಿ ದಂಡೆತ್ತಿ ಹೋದ. ಎರಡು ಶತಮಾನಗಳ ಅನಂತರ ಬರೆದ ಈ ಕಥೆಯಲ್ಲಿ ಕಲ್ಪನೆ ಬೆರೆತಿರಬಹುದು. ಆದರೆ ಅರಸನ ಒಡವೆಯನ್ನು ಒಲ್ಲೆನೆಂದ ಹೆಣ್ಣನ್ನೂ, ಆ ಒಂದು ಮಾತಿಗೆ ಹಳ್ಳಿಗಳು ತೆತ್ತ ದಂಡವನ್ನೂ ಆಸ್ಥಾನದ ಚರಿತ್ರಕಾರನಿಗೆ ಮರೆಯಲಾಗಲಿಲ್ಲ.

ಇದಕ್ಕಿಂತ ನೇರವಾದ ದನಿ ಹನ್ನೆರಡನೆಯ ಶತಮಾನದ್ದು. ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಮಾರಯ್ಯ ಮತ್ತು ಲಕ್ಕಮ್ಮ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿಗಳು. ಒಂದು ದಿನ ಗಂಡ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಸಲ್ಲದು, ಹಿಂದಕ್ಕೆ ಸುರಿದು ಬಾ ಎಂದು ಲಕ್ಕಮ್ಮ ಕಳುಹಿಸಿದಳು. ಆಯ್ದಕ್ಕಿ ಎಂಬುದು ಮೇಲಿನವರ ಕಣ್ಣಿಗೆ ತೀರ ಕೆಳಗಿನ ದುಡಿಮೆ. ಅದನ್ನೇ ಅವರು ತಮ್ಮ ಹೆಸರಿನ ಮುಂದೆ ಬಿರುದಿನಂತೆ ಇಟ್ಟುಕೊಂಡರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಇವರೆಲ್ಲರ ಹೆಸರಿನಲ್ಲಿಯೂ ಕಸುಬೇ ಮೊದಲು. ಕಸುಬಿನಿಂದ ಮನುಷ್ಯನನ್ನು ಕೆಳಗಿಟ್ಟ ಸಮಾಜದ ಎದುರು ಅದೇ ಕಸುಬನ್ನು ಎತ್ತಿಹಿಡಿದು ನಿಂತವರು ಇವರು.

ಯುರೋಪಿನಲ್ಲಿ ಇಂಥ ದನಿ ಕೇಳಿಬಂದ ಒಂದು ಸನ್ನಿವೇಶ ನೆನಪಾಗುತ್ತದೆ. ಫ್ರಾನ್ಸಿನ ದಕ್ಷಿಣದ ಗುಡ್ಡಗಾಡಿನ ಮೊಂತಾಯು ಎಂಬ ಹಳ್ಳಿಯ ಕುರುಬರೂ ಗೃಹಿಣಿಯರೂ ಆಡಿದ ಮಾತುಗಳು ಇಂದಿಗೂ ಉಳಿದಿವೆ. ಉಳಿದದ್ದು ಹೇಗೆ? 1318ರಿಂದ 1325ರವರೆಗೆ ಜಾಕ್ ಫೂರ್ನಿಯೆ ಎಂಬ ಬಿಷಪ್ ಪಾಷಂಡಮತದ ಆಪಾದನೆಯ ಮೇಲೆ ಜನರನ್ನು ವಿಚಾರಣೆಗೆ ಒಳಪಡಿಸಿ, ಅವರ ಉತ್ತರಗಳನ್ನು ಬರೆಯಿಸಿದ್ದರಿಂದ. ಅಲ್ಲಿಯ ಬಡವ ಅಂಜುತ್ತ ನ್ಯಾಯಾಧಿಕಾರಿಯ ಮುಂದೆ ನುಡಿದ. ನಮ್ಮ ಲಕ್ಕಮ್ಮ ಯಾರ ಸಮನ್ಸೂ ಇಲ್ಲದೆ, ತನ್ನ ಇಷ್ಟದಿಂದ, ತನ್ನ ನುಡಿಯಲ್ಲಿ ನುಡಿದಳು. ಕನ್ನಡ ಸಾಹಿತ್ಯದ ಬಗ್ಗೆ ನಾವು ಹೆಮ್ಮೆ ಪಡುವುದಾದರೆ ಮೊದಲು ಇದಕ್ಕಾಗಿ ಪಡಬೇಕು.

ಹೆಮ್ಮೆಯ ಜೊತೆಗೆ ಒಂದು ಹೊಣೆಯೂ ಇದೆ. ಊರಿನ ಚರಿತ್ರೆ ಬರೆಯಹೊರಟಾಗ ನಾವು ದಾನ ಕೊಟ್ಟವರ ಪಟ್ಟಿಯನ್ನು ಹುಡುಕುತ್ತೇವೆ. ಕೆರೆ ಅಗೆದವರನ್ನು, ಮಣ್ಣು ಹೊತ್ತವರನ್ನು ಕೇಳುವುದಿಲ್ಲ. ದೇವದುರ್ಗ, ಮಾನ್ವಿಗಳ ಹಳ್ಳಿಹಳ್ಳಿಗಳಲ್ಲಿ ಬೀಸುವ ಪದ, ಕುಟ್ಟುವ ಪದ ಬಲ್ಲ ಮುದುಕಿಯರಿದ್ದಾರೆ, ಕಣದಲ್ಲಿ ಆಯ ಪಡೆದ ಮನೆತನಗಳಿವೆ. ಅವರ ನೆನಪು ಗಬ್ಬೂರಿನ ಶಾಸನಗಳಂತೆ ಕಲ್ಲಿನಲ್ಲಿ ಕುಳಿತಿಲ್ಲ, ಉಸಿರಿನಲ್ಲಿದೆ. ಕಲ್ಲು ಕಾಯುತ್ತದೆ, ಉಸಿರು ಕಾಯುವುದಿಲ್ಲ.

ರಾಯಚೂರಿನ ಕೋಟೆಯನ್ನು ನೋಡಹೋದವರು ಶಾಸನವನ್ನು ಓದಿಯೇ ಓದುತ್ತಾರೆ. ಅದಕ್ಕೆ ಮೊದಲು ಕೋಣಗಳ ಸಾಲನ್ನೂ ಗಾಲಿಗೆ ಹೆಗಲು ಕೊಟ್ಟವರನ್ನೂ ಒಮ್ಮೆ ನೋಡಲಿ. ಆ ಕಲ್ಲನ್ನು ಅಲ್ಲಿಗೆ ತಂದವರು ಅವರು.