ಶಿಲುಬೆ ಕದ್ದ ಮಕ್ಕಳು



ಯುದ್ಧಕಾಲದ ಬಾಲ್ಯದ ಬಗ್ಗೆ ಸಂಕಿರಣ ನಡೆಸಲು ಘಟ್ಟದ ಅಂಚಿನ ಈ ಅನಮೋಡವೇ ಯಾಕೆ ಎಂದು ಕೆಲವರು ಕೇಳಿದರು. 1961ರ ಡಿಸೆಂಬರ್ 18ರಂದು ನಮ್ಮ ಸೇನೆಯ 63ನೇ ಪದಾತಿ ಬ್ರಿಗೇಡ್ ಗೋವೆಗೆ ಇಳಿದದ್ದು ಇಲ್ಲಿಂದಲೇ. ಬಲಕ್ಕೆ ಬಿಹಾರ್ ರೆಜಿಮೆಂಟಿನ ತುಕಡಿ, ಎಡಕ್ಕೆ ಸಿಖ್ಖರದು. ಎರಡೂ ಮೊಲೆಮ್‌ನಲ್ಲಿ ಕೂಡಿ ಫೋಂಡಾದ ಕಡೆ ಹೊರಟವು. ಎದುರಾಳಿಗಳು ಸಿಗಲಿಲ್ಲ, ಸ್ಫೋಟಿಸಿ ಕೆಡವಿದ ಸೇತುವೆಗಳು ಸಿಕ್ಕವು. ಮರುದಿನವೇ ಗೋವೆಯನ್ನು ಆಳುತ್ತಿದ್ದ ಪೋರ್ಚುಗೀಸರು ಶರಣಾದರು. ಸೇನಾ ಚರಿತ್ರೆಯಲ್ಲಿ ಅನಮೋಡಕ್ಕೆ ದಕ್ಕುವುದು ಇಂಥ ನಾಲ್ಕೈದು ಸಾಲು. ಅವುಗಳಲ್ಲಿ ಮಕ್ಕಳಿಲ್ಲ.

ರೆನೆ ಕ್ಲೆಮಾನ್ 1952ರಲ್ಲಿ ತೆಗೆದ ‘ಫರ್ಬಿಡನ್ ಗೇಮ್ಸ್’ ಚಿತ್ರದಲ್ಲಿ ಲೆಕ್ಕ ತಿರುಗುಮುರುಗು. 1940ರ ಜೂನ್. ಪ್ಯಾರಿಸ್ ಬಿಟ್ಟು ಓಡುತ್ತಿರುವ ಜನರ ಮೇಲೆ ಜರ್ಮನ್ ವಿಮಾನಗಳು ಗುಂಡು ಸುರಿಸುತ್ತವೆ. ಐದು ವರ್ಷದ ಪೋಲೆಟ್‌ಳ ಅಪ್ಪ ಅಮ್ಮ ಸೇತುವೆಯ ಮೇಲೆ ಸಾಯುತ್ತಾರೆ. ಮಗು ಅಮ್ಮನ ಕೆನ್ನೆ ಮುಟ್ಟುತ್ತದೆ, ಆಮೇಲೆ ತನ್ನ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತದೆ. ಅಳುವುದಿಲ್ಲ. ಯುದ್ಧದ ದೃಶ್ಯ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಮುಂದಿನದೆಲ್ಲ ಹಳ್ಳಿ: ಸತ್ತ ನಾಯಿಮರಿ, ಪಾಳುಬಿದ್ದ ಗಿರಣಿ, ರೈತರ ಹುಡುಗ ಮಿಶೆಲ್. ನಾಯಿಮರಿ ಗೋರಿಯಲ್ಲಿ ಒಂಟಿಯಾಗಬಾರದೆಂದು ಮಕ್ಕಳಿಬ್ಬರೂ ಇನ್ನಷ್ಟು ಸತ್ತ ಜೀವಗಳನ್ನು ಹೂಳುತ್ತಾರೆ. ಗೋರಿಗಳಿಗೆ ಬೇಕಾದ ಶಿಲುಬೆಗಳನ್ನು ಊರ ಸ್ಮಶಾನದಿಂದ ಕದಿಯುತ್ತಾರೆ. ಮಿಶೆಲ್ ವಿಮಾನದ ಸದ್ದು ಮಾಡುತ್ತ ಜಿರಲೆಯೊಂದನ್ನು ಚುಚ್ಚಿ ಕೊಲ್ಲುತ್ತಾನೆ. ಕೊಂದದ್ದು ತಾನಲ್ಲ, ಬಾಂಬು ಎನ್ನುತ್ತಾನೆ. ಸಾವಿನ ಹೊಣೆಯನ್ನು ಎಲ್ಲಿಗೆ ದಾಟಿಸಬೇಕೆಂಬುದು ಹುಡುಗನಿಗೆ ಆಗಲೇ ಗೊತ್ತು. ಈ ಚಿತ್ರವನ್ನು ಮುಗ್ಧತೆಯ ಕಾವ್ಯವೆಂದು ಹೊಗಳುವವರ ಜೊತೆ ನನಗೆ ತಕರಾರಿರುವುದು ಇಲ್ಲಿಯೇ. ಈ ಮಕ್ಕಳು ನಮ್ಮನ್ನು ನೋಡಿ ಕಲಿತವರು.

ನಮ್ಮಲ್ಲಿ ಈ ಚಿತ್ರಕ್ಕೆ ಹತ್ತಿರದ್ದು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). ಅಲ್ಲಿ ಯುದ್ಧವಿಲ್ಲ, ಬದುಕಿರುವ ಯಮುನಕ್ಕನಿಗೆ ಅಪ್ಪನೇ ಶ್ರಾದ್ಧ ಮಾಡುತ್ತಾನೆ. ಹುಡುಗ ನಾಣಿಗೆ ಅದನ್ನು ನೋಡುವುದಷ್ಟೇ ಸಾಧ್ಯ. ಪೋಲೆಟ್ ಮಾತ್ರ ದೊಡ್ಡವರ ವಿಧಿಯನ್ನು ಎತ್ತಿಕೊಂಡು ಹೋಗಿ ತನ್ನ ಆಟ ಮಾಡಿಕೊಳ್ಳುತ್ತಾಳೆ.

ಅಂಥ ಮಕ್ಕಳು ಅನಮೋಡದಲ್ಲೂ ಇದ್ದಿರಬೇಕು. 1961ರಲ್ಲಿ ಇಲ್ಲಿ ಏಳೆಂಟು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ನನ್ನ ಆಶಯ ಸಣ್ಣದು. ಪ್ರಬಂಧಗಳು ಮುಗಿದ ಮೇಲೆ ವಿದ್ಯಾರ್ಥಿಗಳು ಸುತ್ತಲಿನ ಹಳ್ಳಿಗಳಿಗೆ ಹೋಗಲಿ. ಲಾರಿ ಎಷ್ಟಿದ್ದವು, ಬಂದೂಕು ಯಾವುದು ಎಂದು ಕೇಳಬೇಡಿ, ಅದು ಕಡತಗಳಲ್ಲಿದೆ. ದಂಡು ಘಟ್ಟ ಇಳಿದ ಮೇಲೆ ನೀವು ಏನು ಆಟ ಆಡಿದಿರಿ, ಸೈನಿಕ ಯಾರಾಗುತ್ತಿದ್ದರು, ಸಾಯುವ ಪಾಳಿ ಯಾರದು ಎಂದು ಕೇಳಿ. ಕೊಂಕಣಿ, ಮರಾಠಿ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ಇಲ್ಲಿನ ಎಷ್ಟೋ ಅಜ್ಜಿಯರು ಕನ್ನಡದಲ್ಲಿ ನಮಸ್ಕಾರ ಹೇಳಿ ಸುಮ್ಮನಾಗಿಬಿಡುತ್ತಾರೆ.